ತಾಮ್ರದ ದುಡ್ಡಲ್ಲಿ ಎದ್ದು ತಾಮ್ರದ ಜೊತೆಗೇ ಮುಳುಗಿದ ರಾಕ್ ಬ್ಯಾಂಡ್‌ಗಳು

2024ರ ಅಕ್ಟೋಬರ್‌ನಲ್ಲಿ ಅಮೆರಿಕದ ರ್‍ಯಾಪರ್ ಟೈಲರ್ ದ ಕ್ರಿಯೇಟರ್ 'ನಾಯ್ಡ್' ಅಂತ ಒಂದು ಹಾಡು ಬಿಟ್ಟ. ಅದರಲ್ಲಿ ಒಂದು ಗಿಟಾರು ಬರುತ್ತೆ, ಹರಿದುಹೋದ ಸ್ಪೀಕರಿಂದ ಬಂದಂಗೆ ಗರಗರ ಅನ್ನುತ್ತೆ, ಜೊತೆಗೆ ನಮಗ್ಯಾರಿಗೂ ಗೊತ್ತಿಲ್ಲದ ಭಾಷೇಲಿ ಹಾಡು. ಆ ತುಣುಕು ಟೈಲರ್‌ದಲ್ಲ. ಆಫ್ರಿಕಾದ ಜಾಂಬಿಯಾ ದೇಶದ ಎನ್‌ಗೋಜಿ ಫ್ಯಾಮಿಲಿ ಅನ್ನೋ ಬ್ಯಾಂಡು 1977ರಲ್ಲಿ '45,000 ವೋಲ್ಟ್ಸ್' ಅನ್ನೋ ಆಲ್ಬಮ್ಮಿಗೆ ಹಾಡಿದ್ದು. ಬ್ಯಾಂಡಿನ ಯಜಮಾನ ಪಾಲ್ ಎನ್‌ಗೋಜಿ ತೀರ್ಕೊಂಡಿದ್ದು 1989ರಲ್ಲಿ. ಅಂದ್ರೆ ತನ್ನ ಗಿಟಾರು ಜಗತ್ತಿನ ದೊಡ್ಡ ಆಲ್ಬಮ್ ಒಂದರೊಳಗೆ ಕೂತಿದೆ ಅಂತ ತಿಳ್ಕೊಳ್ಳೋಕೆ ಆ ಮನುಷ್ಯ ಇರಲಿಲ್ಲ.

ಎನ್‌ಗೋಜಿ ಒಬ್ಬನೇ ಅಲ್ಲ. ವಿಚ್, ಅಮನಾಜ್, ಮೂಸಿ ಓ ತುನ್ಯಾ, ಪೀಸ್, ಕ್ರಿಸ್ಸಿ ಜೆಬ್ಬಿ ಟೆಂಬೊ, ಕೀತ್ ಮ್ಲೆವು, ಹಿಂಗೆ ಒಂದು ದೊಡ್ಡ ಗುಂಪೇ 70ರ ದಶಕದಲ್ಲಿ ಜಾಂಬಿಯಾದಲ್ಲಿ ರಾಕ್ ನುಡಿಸ್ತಿತ್ತು. ಅದಕ್ಕೆ ಜಾಮ್‌ರಾಕ್ ಅಂತ ಹೆಸರು, ಆ ಹೆಸರಿಟ್ಟಿದ್ದು ಮನಾಸೆ ಫಿರಿ ಅನ್ನೋ ರೇಡಿಯೋ ಡಿಜೆ ಅಂತಾರೆ. ಸಮುದ್ರನೇ ಇಲ್ಲದ, ಸುತ್ತ ಯುದ್ಧ ನಡೀತಿದ್ದ ಒಂದು ದೇಶದಲ್ಲಿ ಇಷ್ಟು ಬ್ಯಾಂಡು ಹೆಂಗೆ ಹುಟ್ಟಿದ್ವು, ಹತ್ತು ವರ್ಷ ಕಳೆಯೋದ್ರೊಳಗೆ ಹೆಂಗೆ ಕಾಣೆಯಾದ್ವು? ಇದನ್ನ ಎಲ್ಲರೂ ದುರದೃಷ್ಟದ ಕಥೆ ಥರ ಹೇಳ್ತಾರೆ. ನಂಗೆ ಮಾತ್ರ ಇದು ಮುಕ್ಕಾಲು ಪಾಲು ತಾಮ್ರದ ರೇಟಿನ ಕಥೆ ಅನ್ಸುತ್ತೆ.

ಸ್ವಲ್ಪ ಹಿಂದಕ್ಕೆ ಹೋಗ್ಬೇಕು. ಜಾಂಬಿಯಾ ಆಗ ಬ್ರಿಟಿಷರ ಕೈಲಿದ್ದ ಉತ್ತರ ರೊಡೇಷ್ಯಾ. ರಾಜಧಾನಿ ಲುಸಾಕಾದಲ್ಲಿ ಒಂದು ರೇಡಿಯೋ ಸ್ಟೇಷನ್ ಇತ್ತು, ಆಫ್ರಿಕನ್ನರಿಗೋಸ್ಕರ ಅವರದೇ ಭಾಷೆಗಳಲ್ಲಿ ಕಾರ್ಯಕ್ರಮ ಮಾಡೋದು, ಆದ್ರೆ ಕೇಳೋರ ಹತ್ರ ರೇಡಿಯೋನೇ ಇಲ್ಲ. ಅದಕ್ಕೆ ಹ್ಯಾರಿ ಫ್ರಾಂಕ್ಲಿನ್ ಅನ್ನೋ ಅಧಿಕಾರಿ ಎವರ್ ರೆಡಿ ಬ್ಯಾಟರಿ ಕಂಪನಿ ಹಿಂದೆ ಬಿದ್ದು ಒಂದು ಅಗ್ಗದ ಸೆಟ್ ಮಾಡಿಸ್ದ. 1949ರಲ್ಲಿ ಅದು ಮಾರ್ಕೆಟ್ಟಿಗೆ ಬಂತು, ಬೆಲೆ ಐದು ಪೌಂಡು, ಬ್ಯಾಟರಿ ದುಡ್ಡು ಬೇರೆ. ಮೊದಲು ಮಾಡಿದ ಸೆಟ್ಟನ್ನ ಅಡುಗೆ ಪಾತ್ರೆಯೊಳಗೇ ಕೂರಿಸಿದ್ರಂತೆ, ಅದಕ್ಕೇ ಸಾಸ್‌ಪ್ಯಾನ್ ಸ್ಪೆಷಲ್ ಅಂತ ಹೆಸರು. ದುಂಡಗೆ, ನೀಲಿ ಬಣ್ಣ, ಕರೆಂಟ್ ಬೇಡ. ಮುಂದೆ ಬ್ಯಾಂಡ್ ಕಟ್ಟಿದ ಹುಡುಗರೆಲ್ಲ ಮನೇಲೋ ಪಕ್ಕದ ಮನೇಲೋ ರೇಡಿಯೋ ಕೇಳ್ಕೊಂಡು ಬೆಳೆದ ತಲೆಮಾರು. ಹೊರಗಿನ ಹಾಡು ಅವರ ಕಿವಿಗೆ ಬಿದ್ದಿದ್ದೇ ಹಂಗೆ.

1964ರ ಅಕ್ಟೋಬರ್ 24ಕ್ಕೆ ಸ್ವಾತಂತ್ರ್ಯ ಬಂತು. ಕೆನೆತ್ ಕೌಂಡಾ ಅಧ್ಯಕ್ಷ. ಈತ ಹೋರಾಟದ ಕಾಲದಲ್ಲಿ ಸೈಕಲ್ ಹತ್ಕೊಂಡು ಗಿಟಾರು ಹಿಡ್ಕೊಂಡು ಊರೂರು ಸುತ್ತಿ ಹಾಡ್ತಿದ್ದ ಆಸಾಮಿ, ಹಂಗಾಗಿ ಹಾಡಿನ ಬಗ್ಗೆ ಅಭಿಪ್ರಾಯ ಇರೋ ಅಧ್ಯಕ್ಷ, ಅದು ಒಳ್ಳೇದೂ ಹೌದು ಕೆಟ್ಟದ್ದೂ ಹೌದು. ದೇಶದ ಕೈಲಿ ಆಗ ದುಡ್ಡಿತ್ತು. ರಫ್ತಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ತಾಮ್ರನೇ. ಉತ್ತರದಲ್ಲಿ ಕಾಂಗೋ ಗಡಿಗೆ ಅಂಟ್ಕೊಂಡು ಕಿಟ್ವೆ, ಎನ್‌ಡೋಲಾ, ಚಿಂಗೋಲಾ, ಮುಫುಲಿರಾ, ಲುವಾನ್ಷ್ಯಾ ಅಂತ ಸಾಲಾಗಿ ಗಣಿ ಊರುಗಳು, ಕಾಪರ್‌ಬೆಲ್ಟ್ ಅಂತಾರೆ. ಗಣಿ ಊರಲ್ಲಿ ತಿಂಗಳಾ ತಿಂಗಳಾ ಸಂಬಳ ಬರುತ್ತೆ, ಕಂಪನಿ ಕಟ್ಟಿಸಿದ ಕ್ಲಬ್ಬು, ಕಾರ್ಯಕ್ರಮದ ಹಾಲ್ ಇರುತ್ತೆ, ಸಂಜೆ ಆದ್ರೆ ಬಿಯರು ಕುಡಿದು ಕುಣಿಯೋಕೆ ಜನ ಇರ್ತಾರೆ, ಹೊರದೇಶದಿಂದ ಬಂದ ಇಂಜಿನಿಯರುಗಳು ತಂದ ರೆಕಾರ್ಡೂ ಕೈಯಿಂದ ಕೈಗೆ ಓಡಾಡ್ತಿರುತ್ತೆ. ಬ್ಯಾಂಡ್ ಹುಟ್ಟೋಕೆ ಇದಕ್ಕಿಂತ ಇನ್ನೇನು ಬೇಕು ಹೇಳಿ. ವಾದ್ಯ ಮಾತ್ರ ದುಬಾರಿ, ಹುಡುಗರ ಕೈಗೆ ಎಟುಕಲ್ಲ, ಮ್ಯಾನೇಜರೋ ಕ್ಲಬ್ಬಿನವನೋ ಗಿಟಾರು ಆಂಪ್ಲಿಫೈಯರು ಕೊಡಿಸ್ಬೇಕು, ಕೊಡಿಸಿದ ಮೇಲೆ ಅವನ ಮಾತು ಕೇಳ್ಬೇಕು.

ಇನ್ನು ಕೌಂಡಾ ಮಾಡಿದ ರೂಲ್ ಬಗ್ಗೆ. ರೇಡಿಯೋದಲ್ಲಿ ಬರೋ ಸಂಗೀತದಲ್ಲಿ 95 ಪರ್ಸೆಂಟ್ ಜಾಂಬಿಯಾದವರದ್ದೇ ಆಗಿರ್ಬೇಕು ಅಂತ ಆಜ್ಞೆ ಹೊರಟಿತು. ಸರ್ಕಾರದ ಮನಸ್ಸಲ್ಲಿದ್ದಿದ್ದು ಬಹುಶಃ ಹಳ್ಳಿ ಹಾಡು, ಡೋಲು, ನಮ್ಮ ಸಂಸ್ಕೃತಿ ಇತ್ಯಾದಿ. ಆದ್ರೆ ರೂಲಲ್ಲಿ ಹಾಡೋರು ಯಾರು ಅಂತ ಕೇಳಿದ್ದೇ ಹೊರತು ಏನು ಹಾಡ್ತೀರಾ ಅಂತ ಕೇಳಿರಲಿಲ್ಲ. ಕಾಪರ್‌ಬೆಲ್ಟಿನ ಹುಡುಗರಿಗೆ ಬರ್ತಿದ್ದಿದ್ದು ಇಂಗ್ಲೆಂಡ್, ಅಮೆರಿಕದ ಹಾಡುಗಳು, ಹೆಂಡ್ರಿಕ್ಸು, ಡೀಪ್ ಪರ್ಪಲ್ಲು, ಬ್ಲ್ಯಾಕ್ ಸಬ್ಬತ್ತು, ಜೇಮ್ಸ್ ಬ್ರೌನು. ಅದನ್ನೇ ತಮ್ಮ ತಾಳಕ್ಕೆ ಕೂರಿಸಿ ಸ್ವಂತ ಹಾಡು ಕಟ್ಟಿದ್ರು, ಇಂಗ್ಲಿಷಲ್ಲಿ ಕೆಲವು, ಅಲ್ಲಿನ ಭಾಷೆಗಳಾದ ಬೆಂಬಾ, ನ್ಯಾಂಜಾದಲ್ಲಿ ಕೆಲವು, ರೇಡಿಯೋದವರು ಹಾಕ್ಲೇಬೇಕಾಯ್ತು. (ನಮ್ಮಲ್ಲೂ 1952ರಲ್ಲಿ ಮಂತ್ರಿ ಕೇಸ್ಕರ್ ಆಕಾಶವಾಣಿಯಿಂದ ಸಿನಿಮಾ ಹಾಡು ಓಡಿಸಿದಾಗ ಜನ ಶಾಸ್ತ್ರೀಯ ಸಂಗೀತ ಕೇಳ್ಕೊಂಡು ಕೂರಲಿಲ್ಲ, ಸೀದಾ ರೇಡಿಯೋ ಸಿಲೋನ್‌ಗೆ ತಿರುಗಿಸಿದ್ರು. ಸರ್ಕಾರ ಒಂದು ಅಂದ್ಕೊಂಡ್ರೆ ರೇಡಿಯೋ ಕೇಳೋರು ಇನ್ನೊಂದು ಮಾಡ್ತಾರೆ.)

ಈ ಬ್ಯಾಂಡ್‌ಗಳಲ್ಲಿ ಎಲ್ಲಕ್ಕಿಂತ ದೊಡ್ಡ ಹೆಸರು ವಿಚ್. ಮಾಟಗಾತಿ ಅಂದ್ಕೋಬೇಡಿ, 'ವಿ ಇಂಟೆಂಡ್ ಟು ಕಾಸ್ ಹ್ಯಾವಕ್' ಅನ್ನೋದರ ಮೊದಲಕ್ಷರಗಳಂತೆ, ನಾವು ಬಂದಿರೋದೇ ರಾದ್ಧಾಂತ ಎಬ್ಬಿಸೋಕೆ ಅಂತ. ಹಾಡೋನು ಇಮ್ಯಾನುಯೆಲ್ ಚಾಂಡಾ, ಸ್ಟೇಜ್ ಮೇಲೆ ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಮಿಕ್ ಜಾಗರ್ ಥರ ಎಗರಾಡ್ತಿದ್ದ ಅಂತ ಜನ ಜಾಗರಿ ಅಂತ ಕರೆದ್ರು, ಅದೇ ಹೆಸರು ನಿಂತುಬಿಡ್ತು. ಗಿಟಾರಲ್ಲಿ ಕ್ರಿಸ್ ಎಂಬೇವೆ ಮತ್ತೆ ಜಾನ್ ಮೂಮಾ, ಬೇಸಲ್ಲಿ ಗಿಡಿಯನ್ ಮುಲೆಂಗಾ, ಡ್ರಮ್ಸಲ್ಲಿ ಬೋಯ್ಡಿ ಸಿಂಕಾಲಾ. 1972ರ ಸುಮಾರಿಗೆ 'ಇಂಟ್ರೊಡಕ್ಷನ್' ಅಂತ ಒಂದು ಎಲ್‌ಪಿ, ಅಂದ್ರೆ ಇಡೀ ಆಲ್ಬಮ್ಮಿನ ದೊಡ್ಡ ರೆಕಾರ್ಡು, ತಂದ್ರು, ಯಾವ ಕಂಪನಿಯೂ ಹಿಂದಿಲ್ಲ, ತಾವೇ ತಂದ್ರು. ಜಾಂಬಿಯಾದಲ್ಲಿ ದುಡ್ಡಿಗೆ ಮಾರಿದ ಮೊದಲ ಎಲ್‌ಪಿ ಅದೇ ಅಂತ ಸಾಮಾನ್ಯವಾಗಿ ಹೇಳ್ತಾರೆ. ಕೇಳಿದ್ರೆ ಗೊತ್ತಾಗುತ್ತೆ, ಯಾವುದೂ ನೀಟಾಗಿಲ್ಲ, ಡ್ರಮ್ಸು ಎಲ್ಲೋ ಪಕ್ಕದ ರೂಮಲ್ಲಿರೋ ಹಂಗಿದೆ, ಗಿಟಾರು ಶ್ರುತಿಯಿಂದ ಅಷ್ಟಷ್ಟು ಜಾರುತ್ತೆ, ಆದ್ರೂ ಮಜಾ ಇದೆ. ಆಮೇಲೆ 1974ರಲ್ಲಿ 'ಇನ್ ದ ಪಾಸ್ಟ್', 1975ರಲ್ಲಿ 'ಲೇಜಿ ಬೋನ್ಸ್'. ಎರಡೂ ಒಂದಕ್ಕಿಂತ ಒಂದು ಗಟ್ಟಿ. ಇವರ ಶೋ ಸಂಜೆ ಏಳಕ್ಕೆ ಶುರುವಾದ್ರೆ ರಾತ್ರಿ ಎರಡರ ತನಕ ನಡೀತಿತ್ತು, ಹಾಲ್ ತುಂಬಿ ಹೊರಗೆ ನಿಂತ ಜನರನ್ನ ಪೊಲೀಸರು ಬಂದು ಚದುರಿಸಬೇಕಾಗ್ತಿತ್ತು. ಒಸಿಬಿಸಾ ಥರದ ಹೆಸರುವಾಸಿ ಬ್ಯಾಂಡ್ ಜಾಂಬಿಯಾಕ್ಕೆ ಬಂದಾಗ ಅವರ ಜೊತೆ ಸ್ಟೇಜ್ ಹತ್ತಿದ್ದೂ ಇವರೇ.

ಅಮನಾಜ್ ಬೇರೆ ಥರ. ಒಂದೇ ಒಂದು ಆಲ್ಬಮ್, 1975ರ 'ಆಫ್ರಿಕಾ', ಆಮೇಲೆ ಮುಗೀತು. ಅದರಲ್ಲಿ 'ಖಾಲಾ ಮೈ ಫ್ರೆಂಡ್' ಅಂತ ಒಂದು ನಿಧಾನದ ಹಾಡಿದೆ, ಈ ಇಡೀ ಕಾಲದಿಂದ ಒಂದೇ ಹಾಡು ಆರಿಸ್ಕೋ ಅಂದ್ರೆ ನಾನು ಅದನ್ನೇ ಆರಿಸ್ತೀನಿ. ಈ ರೆಕಾರ್ಡಿನ ಮಿಕ್ಸ್ ಎರಡಿವೆ, ಒಂದು ಒಣಗಿದ್ದು, ಇನ್ನೊಂದರಲ್ಲಿ ಎಲ್ಲದಕ್ಕೂ ರಿವರ್ಬ್ ಅಂದ್ರೆ ಪ್ರತಿಧ್ವನಿ ಸುರಿದು ಹಾಡೆಲ್ಲ ಬಾವಿಯೊಳಗಿಂದ ಬಂದಂಗಿದೆ. ಯಾವುದು ಚೆನ್ನಾಗಿದೆ ಅಂತ ಹಳೇ ರೆಕಾರ್ಡ್ ಕೂಡಿಡೋರು ಇವತ್ತಿಗೂ ಕಿತ್ತಾಡ್ತಾರೆ. ನಂಗೆ ಒಣಗಿದ್ದೇ ಇಷ್ಟ, ಬೈಯೋರು ಬೈಕೊಳ್ಳಿ. ರಿಕಿ ಇಲಿಲೊಂಗಾನ ಮೂಸಿ ಓ ತುನ್ಯಾ ನೈರೋಬಿ ತನಕ ಹೋಗಿ ಹೆಸರು ಮಾಡ್ತು, ಅದರಲ್ಲಿ ರಾಕ್‌ಗಿಂತ ಆಫ್ರಿಕನ್ ತಾಳ ಜಾಸ್ತಿ. ಪಾಲ್ ಎನ್‌ಗೋಜಿ ಅಂತೂ ಲುಸಾಕಾದ ಚಿಬೋಲ್ಯಾ ಅನ್ನೋ ಬಡವರ ಏರಿಯಾದಿಂದ ಬಂದೋನು, ಹಲ್ಲಲ್ಲಿ ಗಿಟಾರು ಬಾರಿಸ್ತಿದ್ದ, ಹಾಡೋದು ಮಾತ್ರ ಮನೆ ಜಗಳ, ಕುಡಿತ, ದುಡ್ಡಿಲ್ಲದಿರೋದು, ಇಂಥದ್ದನ್ನೇ.

ಈಗ ಬರೋದು ಮುಳುಗಿದ ಕಥೆ. 1973ರ ಜನವರಿಲಿ ದಕ್ಷಿಣದ ರೊಡೇಷ್ಯಾ (ಇವತ್ತಿನ ಜಿಂಬಾಬ್ವೆ) ಗಡಿ ಮುಚ್ತು, ಯಾಕಂದ್ರೆ ಅಲ್ಲಿನ ಬಿಳಿಯರ ಸರ್ಕಾರದ ವಿರುದ್ಧ ಹೋರಾಡೋರಿಗೆ ಕೌಂಡಾ ಜಾಗ ಕೊಟ್ಟಿದ್ದ. ತಾಮ್ರ ಸಮುದ್ರಕ್ಕೆ ಹೋಗ್ತಿದ್ದ ಮುಖ್ಯ ರೈಲುದಾರಿ ಅಲ್ಲಿಗೆ ಕಟ್. 1975ರಲ್ಲಿ ಅಂಗೋಲಾದ ಅಂತರ್ಯುದ್ಧದಿಂದ ಪಶ್ಚಿಮದ ದಾರಿನೂ ಬಂದ್. ಚೀನಾದವರು ತಾಂಜಾನಿಯಾದ ಬಂದರು ದಾರ್ ಎಸ್ ಸಲಾಮ್ ತನಕ 1,860 ಕಿಲೋಮೀಟರ್ ರೈಲು ಹಾಕಿಕೊಟ್ರು ನಿಜ, ಅದು ಓಡೋಕೆ ಶುರುವಾಗೋ ಹೊತ್ತಿಗೆ ಸಾಗಿಸೋ ತಾಮ್ರಕ್ಕೇ ಬೆಲೆ ಇರಲಿಲ್ಲ. 1974ರ ಏಪ್ರಿಲ್‌ನಲ್ಲಿ ಆಕಾಶಕ್ಕೇರಿದ್ದ ರೇಟು ವರ್ಷದ ಕೊನೆ ಹೊತ್ತಿಗೆ ಅರ್ಧಕ್ಕಿಂತ ಕೆಳಗೆ ಬಿತ್ತು, ಇನ್ನೊಂದು ಕಡೆ ಪೆಟ್ರೋಲ್ ರೇಟು ಏರಿತ್ತು. ಒಂದೇ ಸರಕು ಮಾರಿ ಬದುಕೋ ದೇಶಕ್ಕೆ ಇಷ್ಟು ಸಾಕು.

ಗಮನಿಸಿ, ಜಾಮ್‌ರಾಕಿನ ಒಳ್ಳೆ ಆಲ್ಬಮ್ಮುಗಳು ಬಂದಿದ್ದು 1974ರಿಂದ 77ರ ನಡುವೆ, ಅಂದ್ರೆ ದುಡ್ಡು ಖಾಲಿಯಾಗ್ತಿದ್ದ ವರ್ಷಗಳಲ್ಲೇ. ಒಳ್ಳೆ ಕಾಲದಲ್ಲಿ ಕೊಂಡ ವಾದ್ಯ, ಕಲಿತ ಕೈ, ಕಟ್ಟಿದ ಹಾಲ್‌ಗಳು ಇನ್ನೂ ಸ್ವಲ್ಪ ದಿನ ಓಡಿದ್ವು, ಅಷ್ಟೇ. ಗಿಟಾರ್ ತಂತಿ ಹರಿದ್ರೆ, ಆಂಪ್ಲಿಫೈಯರ್ ಸುಟ್ರೆ ಹೊಸದು ತರ್ಸೋಕೆ ವಿದೇಶಿ ಹಣ ಬೇಕು, ಆ ಹಣನೇ ಇಲ್ಲ. ಗಣಿ ಕೆಲಸದೋನು ಟಿಕೆಟ್ ಕೊಳ್ಳೋ ಬದಲು ಮನೆಗೆ ಮೆಕ್ಕೆಜೋಳದ ಹಿಟ್ಟು ಕೊಳ್ಳೋ ಸ್ಥಿತಿ. ಅದರ ಮೇಲೆ ರೊಡೇಷ್ಯಾದ ಸೈನ್ಯ ಗಡಿ ದಾಟಿ ಬಂದು ಹೊಡೆಯೋಕೆ ಶುರು ಮಾಡ್ತು. ರೇಡಿಯೋದ ಹಿರಿಯ ಕಲಾವಿದ, ಜಾಂಬಿಯಾದ ಹಾಡಿಗೆ ಒಂದು ರೀತಿ ಅಡಿಪಾಯ ಹಾಕಿದ ಅಲಿಕ್ ನ್ಖಾಟಾ 1978ರಲ್ಲಿ ಅಂಥ ಒಂದು ದಾಳಿಲೇ ಸತ್ತ. ರಾತ್ರಿ ಕರ್ಫ್ಯೂ, ದೀಪ ಹಚ್ಚೋ ಹಂಗಿಲ್ಲ, ಹಂಗಾಗಿ ಬ್ಯಾಂಡ್‌ಗಳು ಹಗಲು ಹೊತ್ತು ಶೋ ಮಾಡೋಕೆ ನೋಡಿದ್ವು. ರಾತ್ರಿ ಎರಡರ ತನಕ ನುಡಿಸ್ತಿದ್ದೋರು ಮಧ್ಯಾಹ್ನದ ಬಿಸಿಲಲ್ಲಿ ಯಾರಿಗೆ ನುಡಿಸ್ತಾರೆ? ಹಗಲು ಕೇಳೋರು ಕೆಲಸಕ್ಕೋ ಕ್ಯೂಗೋ ಹೋಗಿರ್ತಾರೆ.

ಉಳಿದಿದ್ದು ಬೇಗ ಬೇಗ ನಡೀತು. ಕ್ಯಾಸೆಟ್ ಬಂತು, ಕಾಪಿ ಮಾಡಿ ಮಾರೋರು ಬಂದ್ರು, ಎಲ್‌ಪಿ ಕೊಳ್ಳೋರು ಇಲ್ಲ. ಡಿಸ್ಕೋ ಬಂತು, ನಾಲ್ಕೈದು ಜನದ ಬ್ಯಾಂಡ್ ಕರೆಸೋದಕ್ಕಿಂತ ಒಬ್ಬ ಡಿಜೆ ಸಾಕು ಅಂತ ಕ್ಲಬ್ಬಿನವರಿಗೆ ಗೊತ್ತಾಯ್ತು. ಕಾಲಿಂಡೂಲಾ ಅನ್ನೋ ಊರ ಕಡೆಯ ಶೈಲಿ ಮೇಲೆ ಬಂತು, ಪಾಲ್ ಎನ್‌ಗೋಜಿ ಅದರ ಕಡೆ ವಾಲಿ ಉಳ್ಕೊಂಡ. ಜಾಗರಿ 70ರ ದಶಕದ ಕೊನೆಗೆ ಬ್ಯಾಂಡ್ ಬಿಟ್ಟು ಮೇಷ್ಟ್ರ ಟ್ರೇನಿಂಗಿಗೆ ಹೋದ, ಅವನಿಲ್ಲದ ವಿಚ್ ಡಿಸ್ಕೋ ಬ್ಯಾಂಡ್ ಆಗಿ 80ರ ದಶಕದ ಮಧ್ಯಕ್ಕೆ ನಿಂತೇ ಹೋಯ್ತು.

ನಿಂತ ಬ್ಯಾಂಡ್ ಮತ್ತೆ ಸೇರಬಹುದಿತ್ತು. ಆದ್ರೆ ಏಡ್ಸ್ ಬಂತು. ಜಾಂಬಿಯಾದಲ್ಲಿ ಅದು ಎಷ್ಟು ಮೇಲಿನ ತನಕ ಮುಟ್ತು ಅಂದ್ರೆ, ಕೌಂಡಾನ ಮಗ ಮಸುಜ್ಯೋ 1986ರಲ್ಲಿ ಅದರಿಂದಲೇ ಸತ್ತ, ಮರುವರ್ಷ ಕೌಂಡಾ ಅದನ್ನ ಎಲ್ಲರೆದುರಿಗೆ ಒಪ್ಕೊಂಡು ಹೇಳ್ದ, ಆ ಕಾಲಕ್ಕೆ ಅಂಥ ಮಾತಾಡಿದ ದೇಶದ ನಾಯಕರು ತೀರಾ ಕಮ್ಮಿ. ಸಂಗೀತಗಾರರ ಒಂದು ತಲೆಮಾರೇ ಹೋಯ್ತು. ವಿಚ್‌ನ ಮೊದಲ ತಂಡದಲ್ಲಿ ಕೊನೆಗೆ ಉಳಿದಿದ್ದು ಜಾಗರಿ ಒಬ್ಬನೇ. ಅವನು ಲುಸಾಕಾದಲ್ಲಿ ಸಂಗೀತ ಪಾಠ ಮಾಡಿದ, ಆಮೇಲೆ ರತ್ನದ ಕಲ್ಲು ಅಗೆಯೋ ಕೆಲಸಕ್ಕಿಳಿದ.

ಇವರನ್ನ ಮತ್ತೆ ಹೊರಗೆ ತಂದಿದ್ದು ರೆಕಾರ್ಡ್ ಕಲೆಕ್ಟರುಗಳು. ಅಷ್ಟು ಕಮ್ಮಿ ಪ್ರತಿ ಒತ್ತಿದ್ದ ಎಲ್‌ಪಿಗಳು ಯುರೋಪು ಅಮೆರಿಕದಲ್ಲಿ ಸಾವಿರಾರು ಡಾಲರಿಗೆ ಮಾರಾಟ ಆಗೋಕೆ ಶುರುವಾದ ಮೇಲೆ ಜರ್ಮನಿಯ ಶಾಡಾಕ್ಸ್, ಅಮೆರಿಕದ ನೌ ಅಗೇನ್ ಥರದ ಸಣ್ಣ ರೆಕಾರ್ಡ್ ಕಂಪನಿಗಳು ಮರುಮುದ್ರಣ ಮಾಡಿದ್ವು. ನೌ ಅಗೇನ್ ನಡೆಸೋ ಈಗನ್ ಅನ್ನೋನು ಜಾಗರಿ, ರಿಕಿ ಇಲಿಲೊಂಗಾ ಇಬ್ಬರನ್ನೂ ಹುಡುಕಿ ಮಾತಾಡಿಸಿ, ವಿಚ್‌ನ ಎಲ್ಲಾ ಆಲ್ಬಮ್ ಒಟ್ಟಿಗೆ ಒಂದು ಪೆಟ್ಟಿಗೇಲಿ ತಂದ. ಇಲ್ಲೊಂದು ಮಾತು ಹೇಳ್ಬೇಕು. ಇಂಗ್ಲಿಷ್ ಪತ್ರಿಕೆಗಳಲ್ಲಿ ಇದನ್ನ 'ಕಳೆದುಹೋದ ಸಂಗೀತ ಸಿಕ್ತು' ಅಂತ ಬರೀತಾರೆ. ಕಳೆದುಹೋಗಿದ್ದು ಯಾರಿಗೆ? ಪಾಲ್ ಎನ್‌ಗೋಜಿ ಹಾಡು ಜಾಂಬಿಯಾದ ಹಳಬರಿಗೆ ಮರೆತೇ ಇರಲಿಲ್ಲ, ಅಲ್ಲಿ ಅದು ಹಳೇ ಹಾಡು ಅಷ್ಟೇ. ಅಮೆರಿಕದವರಿಗೆ ಮೊದಲೇ ಗೊತ್ತಿರದಿದ್ದನ್ನ ಅವರು ಮರೆತಿದ್ರು ಅನ್ನೋದು ತಮಾಷೆ. ನಿಜವಾಗಿ ಮರೆತಿದ್ದು ಜಾಂಬಿಯಾದ ಹೊಸ ಪೀಳಿಗೆ, ಅವರಿಗೂ ಕೇಳೋಕೆ ಅಂಗಡೀಲಿ ರೆಕಾರ್ಡು ಇರಲಿಲ್ಲ ಅಂತ.

2019ರಲ್ಲಿ ಇಟಲಿಯ ಜಿಯೋ ಅರ್ಲೋಟಾ ಜಾಗರಿ ಬಗ್ಗೆ ಒಂದು ಡಾಕ್ಯುಮೆಂಟರಿ ಮಾಡ್ದ. ಅಷ್ಟೊತ್ತಿಗಾಗಲೇ ಜಾಗರಿ, 80ರ ದಶಕದ ವಿಚ್‌ನಲ್ಲಿ ಕೀಬೋರ್ಡ್ ನುಡಿಸಿದ್ದ ಪ್ಯಾಟ್ರಿಕ್ ಎಂವೊಂಡೆಲಾ, ಜೊತೆಗೆ ಯುರೋಪಿನ ಚಿಕ್ಕ ವಯಸ್ಸಿನ ಹುಡುಗರು ಸೇರಿ ಊರೂರು ಸುತ್ತೋಕೆ ಶುರು ಮಾಡಿದ್ರು, 2023ರಲ್ಲಿ 'ಜಾಂಗೊ' ಅಂತ ಹೊಸ ಆಲ್ಬಮ್ಮೂ ಬಂತು, 'ಲೇಜಿ ಬೋನ್ಸ್' ರೆಕಾರ್ಡ್ ಆಗಿದ್ದ ಲುಸಾಕಾದ ಡಿಬಿ ಸ್ಟುಡಿಯೋದಲ್ಲೇ. ಹಳೇದಕ್ಕೆ ಸರಿಸಾಟಿ ಅಲ್ಲ, ಸೌಂಡು ತುಂಬಾ ಶುಭ್ರ, ಆದ್ರೂ 70 ದಾಟಿದೋನ ದನಿ ಅಂತ ನಂಬೋದು ಕಷ್ಟ. ಕೇಳೋಕೆ ಶುರು ಮಾಡೋರು 'ಜಾಂಗೊ'ದಿಂದ ಶುರು ಮಾಡ್ಬೇಡಿ, ಮೊದಲು 'ಲೇಜಿ ಬೋನ್ಸ್' ಕೇಳಿ, ಆಮೇಲೆ ಅಮನಾಜ್, ಎನ್‌ಗೋಜಿ ಕೊನೆಗಿರಲಿ, ಯಾಕಂದ್ರೆ '45,000 ವೋಲ್ಟ್ಸ್' ಕೇಳಿದ ಮೇಲೆ ಉಳಿದವರು ಸ್ವಲ್ಪ ಸಪ್ಪೆ ಅನ್ಸ್ತಾರೆ.