ಚಿಮಣಿಯಿಲ್ಲದ ಹುಲ್ಲಿನ ಮನೆ

ಇಂಗ್ಲೆಂಡಿನ ಈಸ್ಟ್ ಸಸೆಕ್ಸ್‌ನ ಆಲ್‌ಫ್ರಿಸ್ಟನ್ ಹಳ್ಳಿಯಲ್ಲಿ, ಚರ್ಚಿನ ಪಕ್ಕದಲ್ಲೇ, 14ನೇ ಶತಮಾನದ ಒಂದು ಹುಲ್ಲಿನ ಮನೆ ಇದೆ. ಹೆಸರು ಕ್ಲರ್ಜಿ ಹೌಸ್, ಅಂದರೆ ಪಾದ್ರಿಗಳ ಮನೆ. ಪಾದ್ರಿಗಳು ಇದ್ದದ್ದು ನಿಜ, ಆದರೆ ಕಟ್ಟಿಸಿದವನು ಅನುಕೂಲಸ್ಥ ರೈತನೇ ಇರಬೇಕು. ನಡುವೆ ಮಾಡಿನವರೆಗೂ ತೆರೆದ ಹಜಾರ, ಎರಡೂ ಬದಿಗೆ ಮಹಡಿಯ ಕೋಣೆಗಳು, ಎಲ್ಲಕ್ಕೂ ಒಂದೇ ಮಾಡು. ಆ ಸೀಮೆಯಲ್ಲಿ ಕೈಯಲ್ಲಿ ನಾಲ್ಕು ಕಾಸಿದ್ದ ರೈತರು ಕಟ್ಟಿಸುತ್ತಿದ್ದದ್ದು ಇಂಥ ಮನೆಗಳನ್ನೇ. ವೀಲ್ಡನ್ ಮನೆ ಎಂದು ಕರೆಯುತ್ತಾರೆ.

ಇಂಥ ಹಜಾರದ ನಡುವೆ ನೆಲದ ಮೇಲೇ ಬೆಂಕಿ ಉರಿಯುತ್ತಿತ್ತು. ಚಿಮಣಿ ಇಲ್ಲ. ಹೊಗೆ ಮೇಲೆದ್ದು ಹುಲ್ಲಿನ ಸಂದಿಯಲ್ಲಿ ನಿಧಾನವಾಗಿ ಹೊರಗೆ ಹೋಗಬೇಕಿತ್ತು. ಮನೆಯವರಿಗೆ ಕಣ್ಣುರಿ, ಮಾಡಿಗೆ ಲಾಭ. ನಮ್ಮ ಮಲೆನಾಡಿನ ಅಡುಗೆಮನೆಯ ಅಟ್ಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಮಸಿ ಹಿಡಿದ ಮರ, ಹುಲ್ಲು ಎರಡೂ ಒಣಗಿರುತ್ತವೆ, ಹುಳುವೂ ಕಡಿಮೆ.

ಹುಲ್ಲು ಹೊದಿಸುವವರು ಹಳೆಯದನ್ನು ಪೂರ್ತಿ ಕಿತ್ತೊಗೆಯುತ್ತಿರಲಿಲ್ಲ. ಮೇಲಿನ ಕೊಳೆತ ಪದರ ತೆಗೆದು ಹೊಸದನ್ನು ಹೊದಿಸುತ್ತಿದ್ದರು. ಹಾಗಾಗಿ ನೈಋತ್ಯ ಇಂಗ್ಲೆಂಡಿನ ಡೆವನ್ ಕಡೆಯ ಕೆಲವು ಮನೆಗಳಲ್ಲಿ ತಳದ ಪದರ ಇಂದಿಗೂ ಮಧ್ಯಯುಗದ್ದೇ. ಮಸಿಗಪ್ಪಾದ ಆ ಹುಲ್ಲಿನಲ್ಲಿ ಅಂದಿನ ಗೋಧಿ, ರೈ ತೆನೆಗಳು, ಹೊಲದ ಕಳೆಯ ಬೀಜಗಳು ಕೂಡ ಸಿಕ್ಕಿವೆ. ಅಂದಿನ ಗೋಧಿ ಎಷ್ಟು ಎತ್ತರ ಬೆಳೆಯುತ್ತಿತ್ತು ಅನ್ನುವುದನ್ನು ಮಾಡಿನಿಂದಲೇ ಅಳೆಯಬಹುದು!

ಹುಲ್ಲಿನ ಮಾಡಿಗೆ ಕಡಿದಾದ ಇಳಿಜಾರು ಬೇಕು, ಸುಮಾರು 50 ಡಿಗ್ರಿ. ನೀರು ನಿಲ್ಲದೆ ಜಾರಿದರೆ ಮೇಲ್ಪದರ ಮಾತ್ರ ನೆನೆಯುತ್ತದೆ. ಸೂರಿಗೆ ಮಳೆನೀರಿನ ದೋಣಿ ಕಟ್ಟುವ ಪದ್ಧತಿಯಿಲ್ಲ, ಅದಕ್ಕೇ ಸೂರನ್ನು ಗೋಡೆಯಿಂದ ಮುಂದಕ್ಕೆ ಚಾಚಿರುತ್ತಾರೆ. ಕೆಳಗಿರುವುದು ಮಣ್ಣಿನ ಗೋಡೆ ನೋಡಿ. ಓಕ್ ಮರದ ಚೌಕಟ್ಟು, ಮರದ್ದೇ ಗೂಟ, ನಡುವೆ ತಡಿಕೆ, ಅದಕ್ಕೆ ಮಣ್ಣು, ಸಗಣಿ, ಹುಲ್ಲು ಕಲಸಿ ಮೆತ್ತಿದ್ದು. ಇದಕ್ಕೆ ಸಿಮೆಂಟ್ ಬಳಿದರೆ ನನ್ನ ಪ್ರಕಾರ ಮನೆ ಕೆಟ್ಟಿತು ಎಂದೇ ಲೆಕ್ಕ. ಒಳಗಿನ ತೇವ ಹೊರಗೆ ಬರಲಾರದೆ ಓಕ್ ಕೊಳೆಯುತ್ತದೆ, ಅದೂ ಕಣ್ಣಿಗೆ ಬೀಳದಂತೆ. ಸುಣ್ಣವೇ ಸರಿ.

ಆಲ್‌ಫ್ರಿಸ್ಟನ್‌ ಮನೆಯ ಹಜಾರದ ನೆಲ ಇನ್ನೂ ಮಜಾ. ಸುತ್ತಲ ಗುಡ್ಡದ ಸೀಮೆಸುಣ್ಣದ ಕಲ್ಲನ್ನು ಕುಟ್ಟಿ ಗಟ್ಟಿ ಮಾಡಿ, ಮೇಲೆ ಹುಳಿ ಹಾಲು ಬಳಿದಿದ್ದಾರೆ. ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನ್ ಅಂಟಿನ ಹಾಗೆ ಪುಡಿಯನ್ನು ಹಿಡಿದಿಡುತ್ತದೆ.

19ನೇ ಶತಮಾನದ ಕೊನೆಗೆ ಈ ಮನೆ ಬೀಳುವ ಸ್ಥಿತಿಯಲ್ಲಿತ್ತು. ಊರಿನ ಪಾದ್ರಿ ಉಳಿಸಲು ಓಡಾಡಿದರು. ಸಮಾಜ ಸುಧಾರಕಿ ಆಕ್ಟೇವಿಯಾ ಹಿಲ್ ಮತ್ತಿತರರು ಆಗಷ್ಟೇ ಹುಟ್ಟುಹಾಕಿದ್ದ, ಹಳೆಯ ಕಟ್ಟಡ, ಜಾಗಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್ 1896ರಲ್ಲಿ ಬರೀ 10 ಪೌಂಡಿಗೆ ಕೊಂಡಿತು. ಟ್ರಸ್ಟ್ ಕೊಂಡ ಮೊದಲ ಕಟ್ಟಡ ಇದೇ.

ಇಂಥ ಎಷ್ಟೋ ಮನೆಗಳಲ್ಲಿ 16ನೇ ಶತಮಾನದಿಂದ ಇಟ್ಟಿಗೆ ಚಿಮಣಿ ಬಂತು, ಹಜಾರಕ್ಕೆ ಮಹಡಿ ಬಿತ್ತು. ಕಣ್ಣುರಿ ತಪ್ಪಿತು, ಆದರೆ ಸುಡುವ ಚಿಮಣಿ ಹುಲ್ಲಿನ ಮಧ್ಯೆಯೇ ಹಾದುಹೋಗುವಂತಾಯಿತು. ಇಂದಿಗೂ ಇಂಥ ಮಾಡುಗಳಿಗೆ ಬೆಂಕಿ ಬಿದ್ದರೆ ಮೊದಲು ನೋಡುವುದು ಚಿಮಣಿಯನ್ನೇ. ಇಟ್ಟಿಗೆಯ ಬಿರುಕು, ಕಟ್ಟಿಕೊಂಡ ಮಸಿ, ಹಸಿ ಸೌದೆ. ಮನೆಯವರು ವರ್ಷಕ್ಕೆ ಎರಡು ಸಲವಾದರೂ ಚಿಮಣಿ ಗುಡಿಸಿಸಬೇಕು, ಚೆನ್ನಾಗಿ ಒಣಗಿದ ಸೌದೆಯನ್ನೇ ಉರಿಸಬೇಕು.