ಕೈ ಎತ್ತಿದಾಗ ಜೋಮು ಹಿಡಿದರೆ

ತಲೆ ಬಾಚಲು ಕೈ ಎತ್ತಿದರೆ ಕಿರುಬೆರಳಿನ ಕಡೆ ಜೋಮು ಹಿಡಿಯುತ್ತದೆ. ಬಟ್ಟೆ ಒಣಹಾಕುವಾಗ ತೋಳು ಸೋತು ಬರುತ್ತದೆ. ಕೈ ಇಳಿಸಿ ಸ್ವಲ್ಪ ಹೊತ್ತಾದರೆ ಸರಿಹೋಗುತ್ತದೆ. ಬಹಳ ಜನ ಇದನ್ನು ಕುತ್ತಿಗೆಯ ಸವೆತ ಎಂದೋ, ಅಡ್ಡಾದಿಡ್ಡಿ ಮಲಗಿದ್ದಕ್ಕೆ ಎಂದೋ ಬಿಟ್ಟುಬಿಡುತ್ತಾರೆ. ಆದರೆ ಕೈ ಎತ್ತಿದಾಗ ಬಂದು ಇಳಿಸಿದಾಗ ಹೋಗುವುದೇ ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್‌ನ, ಅಂದರೆ ಕುತ್ತಿಗೆಯ ಬುಡದಲ್ಲಿ ತೋಳಿನ ನರ ಅಥವಾ ರಕ್ತನಾಳ ಒತ್ತಿಕೊಳ್ಳುವ ತೊಂದರೆಯ, ದೊಡ್ಡ ಸುಳಿವು. ನೋವು ಎಲ್ಲಿದೆ ಎನ್ನುವಷ್ಟೇ ಮುಖ್ಯ, ಅದು ಯಾವ ಭಂಗಿಯಲ್ಲಿ ಬರುತ್ತದೆ ಎನ್ನುವುದು.

ಕುತ್ತಿಗೆಯ ಬುಡದಲ್ಲಿ, ಕಾಲರ್ ಮೂಳೆಗೂ ಮೊದಲ ಪಕ್ಕೆಲುಬಿಗೂ ನಡುವಿನ ಜಾಗ ಬಲು ಇಕ್ಕಟ್ಟು. ತೋಳಿಗೆ ಹೋಗುವ ನರಗಳ ಜಾಲ, ರಕ್ತ ಒಯ್ಯುವ ಅಪಧಮನಿ, ರಕ್ತ ಮರಳಿಸುವ ಅಭಿಧಮನಿ ಮೂರೂ ಅಲ್ಲೇ ಹಾಯಬೇಕು. ಕೈ ಎತ್ತಿದಾಗ ಆ ಜಾಗ ಇನ್ನಷ್ಟು ಕಿರಿದಾಗುತ್ತದೆ. ಅಪಘಾತದಲ್ಲಿ ಕುತ್ತಿಗೆ ಉಳುಕಿದವರಿಗೆ, ಈಜು ಅಥವಾ ಚೆಂಡೆಸೆತದಂತೆ ತೋಳನ್ನು ಮತ್ತೆಮತ್ತೆ ಮೇಲೆತ್ತುವವರಿಗೆ ಅಪಾಯ ಹೆಚ್ಚು. ಕೆಲವರಿಗೆ ಕುತ್ತಿಗೆಯಲ್ಲಿ ಹುಟ್ಟಿನಿಂದಲೇ ಒಂದು ಹೆಚ್ಚುವರಿ ಪಕ್ಕೆಲುಬು ಇರುತ್ತದೆ. ಅಂಥವರಲ್ಲೂ ಹೆಚ್ಚಿನವರಿಗೆ ಜೀವಮಾನವಿಡೀ ಏನೂ ಆಗುವುದಿಲ್ಲ. ಹಾಗಾಗಿ ಎಕ್ಸ್‌ರೇಯಲ್ಲಿ ಅದು ಕಂಡಿತೆಂದ ಮಾತ್ರಕ್ಕೆ ಗಾಬರಿ ಬೇಡ.

ಈ ತೊಂದರೆ ಇರುವವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿಗೆ ಒತ್ತಡ ಬೀಳುವುದು ನರಗಳ ಮೇಲೆ. ಕುತ್ತಿಗೆ, ಭುಜ, ಕೆಲವೊಮ್ಮೆ ತಲೆಯ ಹಿಂಭಾಗದಲ್ಲೂ ನೋವು. ಉಂಗುರ ಬೆರಳು ಮತ್ತು ಕಿರುಬೆರಳಲ್ಲಿ ಜುಮುಜುಮು. ಹಿಡಿತ ಸಡಿಲವಾಗಿ ವಸ್ತುಗಳು ಕೈಜಾರುವುದು. ಇಲ್ಲೇ ಗೊಂದಲ ಹುಟ್ಟುವುದು. ಮಣಿಕಟ್ಟಿನ ಕಾರ್ಪಲ್ ಟನಲ್ ತೊಂದರೆಯಲ್ಲೂ ಬೆರಳು ಮರಗಟ್ಟುತ್ತದೆ, ಆದರೆ ಅದು ಸಾಮಾನ್ಯವಾಗಿ ಹೆಬ್ಬೆರಳು, ತೋರುಬೆರಳು, ನಡುಬೆರಳಿನ ಕಡೆ, ಅದೂ ರಾತ್ರಿ ಹೆಚ್ಚು. ಮೊಣಕೈಯಲ್ಲಿ ನರ ಒತ್ತಿಕೊಂಡರೆ ಕಿರುಬೆರಳೇ ಜೋಮು ಹಿಡಿಯುತ್ತದೆ, ಆದರೆ ಮುಂಗೈಯ ಒಳಬದಿಯ ಚರ್ಮದ ಸ್ಪರ್ಶ ಚೆನ್ನಾಗಿಯೇ ಇರುತ್ತದೆ. ಆ ಒಳಬದಿಯೂ ಮಂಕಾಗಿದ್ದರೆ ಇನ್ನೂ ಮೇಲೆ, ಕುತ್ತಿಗೆಯ ಬುಡದತ್ತ ಹುಡುಕಬೇಕು. ಹೆಬ್ಬೆರಳ ಬುಡದ ಉಬ್ಬು ಸೊರಗುವುದು ಅಪರೂಪ. ಸೊರಗಿದ್ದರೆ ನರಕ್ಕೆ ಬಹಳ ಕಾಲದಿಂದ ಪೆಟ್ಟು ಬಿದ್ದಿದೆ ಎಂದರ್ಥ.

ಅಭಿಧಮನಿ ಒತ್ತಿಕೊಂಡಾಗ ಚಿತ್ರವೇ ಬೇರೆ. ಆರೋಗ್ಯವಂತ ಯುವಕ ಭಾರ ಎತ್ತುವ ಅಭ್ಯಾಸ ಮುಗಿಸಿದ ಮೇಲೆ ಒಂದೇ ತೋಳು ಊದಿಕೊಂಡು, ಭಾರವಾಗಿ, ನೀಲಿಗಟ್ಟಬಹುದು. ಭುಜ, ಎದೆಯ ಮೇಲೆ ರಕ್ತನಾಳಗಳು ಎದ್ದು ಕಾಣಬಹುದು. ಒಳಗೆ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಇದೆ, ಆ ಹೆಪ್ಪು ಶ್ವಾಸಕೋಶಕ್ಕೂ ಸಾಗಬಲ್ಲದು. ಸ್ನಾಯು ಸೆಳೆತವೆಂದು ಮುಲಾಮು ಹಚ್ಚಿ ಕಾಯುವುದನ್ನು ನೆನೆದರೆ ನನಗೆ ನಿಜಕ್ಕೂ ಭಯವಾಗುತ್ತದೆ. ಹೆಪ್ಪು ಹೊಸದಾಗಿದ್ದಾಗಲೇ ಕರಗಿಸುವುದು ಸುಲಭ, ಅಂದೇ ಆಸ್ಪತ್ರೆಗೆ ಹೋಗಬೇಕು. ಅಪಧಮನಿಯ ಬಗೆ ತೀರಾ ವಿರಳ: ಕೈ ತಣ್ಣಗೆ, ಬಿಳಿಚಿ, ನಾಡಿ ಕ್ಷೀಣವಾಗಿ, ಬೆರಳ ತುದಿಯಲ್ಲಿ ಕಪ್ಪು ಚುಕ್ಕೆಗಳೂ ಮೂಡಬಹುದು. ಇದೂ ತುರ್ತೇ.

ನರದ ಬಗೆಯನ್ನು ಖಚಿತಪಡಿಸುವ ಒಂದೇ ಒಂದು ಪರೀಕ್ಷೆಯಿಲ್ಲ. ಎರಡೂ ತೋಳುಗಳನ್ನು ಭುಜದ ಮಟ್ಟಕ್ಕೆತ್ತಿ, ಮೊಣಕೈ ಮಡಚಿ, 3 ನಿಮಿಷ ಮುಷ್ಟಿ ಬಿಗಿದು ಬಿಚ್ಚುವಂತೆ ವೈದ್ಯರು ಹೇಳುತ್ತಾರೆ. ರೋಗವಿದ್ದವರಲ್ಲಿ ಅನೇಕರು ಅಷ್ಟು ಹೊತ್ತು ತಾಳಲಾರರು. ಕತ್ತು ತಿರುಗಿಸಿ ನಾಡಿ ನೋಡುವ ಹಳೆಯ ಪರೀಕ್ಷೆಯಲ್ಲಿ ಆರೋಗ್ಯವಂತರ ನಾಡಿಯೂ ಕುಗ್ಗುವುದುಂಟು, ಅದೊಂದನ್ನೇ ನಂಬಲಾಗದು. ಹೆಚ್ಚಿನವರಿಗೆ ಮೊದಲ ಚಿಕಿತ್ಸೆ ತಿಂಗಳುಗಟ್ಟಲೆಯ ಫಿಸಿಯೋಥೆರಪಿ. ಅದಕ್ಕೂ ಬಗ್ಗದಿದ್ದಾಗ ಮಾತ್ರ ಮೊದಲ ಪಕ್ಕೆಲುಬನ್ನು ತೆಗೆಯುವ ಶಸ್ತ್ರಚಿಕಿತ್ಸೆಯ ಯೋಚನೆ.