ಕೋವಿಡ್ ಪರಿಹಾರದ ದುಡ್ಡಲ್ಲಿ ಡೆಟ್ರಾಯ್ಟ್‌ನವರು ಮನೆ ಛಾವಣಿ ರಿಪೇರಿ ಮಾಡಿಸಬಹುದಾ?

ಪ್ರಶ್ನೆ: ನಾವಿರೋದು ಮಿಷಿಗನ್ ರಾಜ್ಯದ ಡೆಟ್ರಾಯ್ಟ್ ಪಕ್ಕದ ಊರು ನೋವೈನಲ್ಲಿ, ನನ್ನ ಕೆಲಸ ಡೆಟ್ರಾಯ್ಟ್‌ನಲ್ಲಿ. ಕೋವಿಡ್‌ಗೆ ಅಂತ ಫೆಡರಲ್ ಸರ್ಕಾರ ಕೊಟ್ಟ ದುಡ್ಡನ್ನು ಸಿಟಿಯವರು ಛಾವಣಿ, ಪಾರ್ಕು ಅಂತ ಖರ್ಚು ಮಾಡಿದ್ದಾರೆ. ಇದಕ್ಕೆ ಅವಕಾಶ ಇದೆಯಾ?

ಇದೆ. ಈ ದುಡ್ಡು ಬಂದದ್ದು 2021ರ ಮಾರ್ಚ್‌ನಲ್ಲಿ ಬೈಡನ್ ಸಹಿ ಹಾಕಿದ 'ಅಮೆರಿಕನ್ ರೆಸ್ಕ್ಯೂ ಪ್ಲಾನ್' ಕಾನೂನಿನಿಂದ. ನಮಗೆಲ್ಲ ಅದರ 1,400 ಡಾಲರ್ ಚೆಕ್ ಮಾತ್ರ ನೆನಪಿದೆ, ಅಲ್ವಾ? ಆದರೆ ರಾಜ್ಯ, ಕೌಂಟಿ, ನಗರಗಳಿಗೆ ಅಂತಲೇ ಅದರಲ್ಲಿ 35,000 ಕೋಟಿ ಡಾಲರ್ ಬೇರೆ ಇಟ್ಟಿದ್ದರು. ಲಸಿಕೆ, ಆಸ್ಪತ್ರೆ ಮಾತ್ರ ಅಲ್ಲ, ಕೋವಿಡ್‌ನಿಂದ ಜಾಸ್ತಿ ಪೆಟ್ಟು ತಿಂದ ಮನೆಗಳು ಮತ್ತು ಬಡಾವಣೆಗಳು, ನೀರು, ಚರಂಡಿ, ಬ್ರಾಡ್‌ಬ್ಯಾಂಡ್, ನಗರ ಕಳೆದುಕೊಂಡ ಆದಾಯ, ಇವೆಲ್ಲಕ್ಕೂ ಬಳಸಬಹುದು. ಪಿಂಚಣಿ ನಿಧಿಗೆ ತುಂಬೋ ಹಾಗಿಲ್ಲ, ಹಳೇ ಸಾಲ ತೀರಿಸೋ ಹಾಗಿಲ್ಲ.

ಡೆಟ್ರಾಯ್ಟ್‌ಗೆ ಸಿಕ್ಕಿದ್ದು ಸುಮಾರು 82.7 ಕೋಟಿ ಡಾಲರ್. 16 ಲಕ್ಷ ಜನರಿರೋ ಫೀನಿಕ್ಸ್‌ಗೆ 39.6 ಕೋಟಿ. ಡೆಟ್ರಾಯ್ಟ್‌ನಲ್ಲಿ 2020ರ ಜನಗಣತಿಯಲ್ಲಿ ಇದ್ದದ್ದು 6.4 ಲಕ್ಷಕ್ಕೂ ಕಡಿಮೆ ಜನ! ದೊಡ್ಡ ನಗರಗಳಿಗೆ ಹಂಚಿದ್ದು ಬರೀ ತಲೆ ಎಣಿಸಿ ಅಲ್ಲ. ಬಡತನ ಎಷ್ಟು, 1940ಕ್ಕಿಂತ ಹಳೇ ಮನೆಗಳು ಎಷ್ಟು, ಊರು ಬೆಳೆಯೋದು ಬಿಟ್ಟು ಕುಗ್ಗಿದೆಯಾ ಅನ್ನೋದನ್ನೂ ನೋಡೋ ಹಳೇ ಸೂತ್ರವೊಂದಿದೆ, ಅದನ್ನೇ ಬಳಸಿದರು. 1950ರಲ್ಲಿ 18 ಲಕ್ಷ ದಾಟಿದ್ದ ಊರು ಇದು.

ಇದರಲ್ಲಿ ಸುಮಾರು ಅರ್ಧ, ಅಂದರೆ 40 ಕೋಟಿ, ಕಳೆದುಹೋದ ಆದಾಯ ತುಂಬೋಕೆ ಹೋಯಿತು. ಇದರಲ್ಲಿ ನಿಮ್ಮಂಥವರ ಪಾಲೂ ಇದೆ. ಹೊರಗಿಂದ ಬಂದು ಡೆಟ್ರಾಯ್ಟ್‌ನಲ್ಲಿ ದುಡಿಯೋರು ನಗರಕ್ಕೆ 1.2% ಆದಾಯ ತೆರಿಗೆ ಕಟ್ಟಬೇಕು. ಆಫೀಸು ಮುಚ್ಚಿ ಎಲ್ಲರೂ ನೋವೈ, ಟ್ರಾಯ್, ಕ್ಯಾಂಟನ್‌ನ ಮನೆಯಲ್ಲೇ ಲ್ಯಾಪ್‌ಟಾಪ್ ತೆರೆದು ಕೂತಾಗ ಆ ದಿನಗಳ ತೆರಿಗೆ ನಗರಕ್ಕೆ ಬರಲಿಲ್ಲ. ನಗರದ ಮೂರೂ ಕ್ಯಾಸಿನೊಗಳು 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಬಂದ್ ಆಗಿದ್ದವು, ಆ ತೆರಿಗೆಯೂ ಹೋಯಿತು. 2013ರಲ್ಲಿ ದಿವಾಳಿ ಅರ್ಜಿ ಹಾಕಿದ್ದ ಊರಿಗೆ ಇನ್ನೊಮ್ಮೆ ಆ ಹೊಡೆತ ತಡೆದುಕೊಳ್ಳೋ ಶಕ್ತಿ ಎಲ್ಲಿತ್ತು? ಈ ದುಡ್ಡು ಇಲ್ಲದಿದ್ದರೆ ಪೊಲೀಸ್, ಫೈರ್, ಕಸ, ಬಸ್ಸು ಎಲ್ಲದಕ್ಕೂ ಕತ್ತರಿ ಬೀಳುತ್ತಿತ್ತು.

ಉಳಿದದ್ದು ಬಡಾವಣೆಗಳಿಗೆ. ಜನರ ಜೊತೆ ಹತ್ತಾರು ಸಭೆ ನಡೆಸಿದ ಮೇಲೆ ನಗರದ ಕೌನ್ಸಿಲ್ ಒಪ್ಪಿತು. ಕೆಲಸದ ತರಬೇತಿ, ಪಾರ್ಕು, ನಡೆಯೋಕೆ, ಸೈಕಲ್ ಹೊಡೆಯೋಕೆ ಅಂತ ಇರೋ ಜೋ ಲೂಯಿಸ್ ಗ್ರೀನ್‌ವೇ ದಾರಿ, ಹೀಗೆ ಪಟ್ಟಿ ಉದ್ದ ಇದೆ. ನೀವು ಕೇಳಿದ ಛಾವಣಿ 'ರಿನ್ಯೂ ಡೆಟ್ರಾಯ್ಟ್' ಯೋಜನೆಯದ್ದು. 62 ದಾಟಿದ ಅಥವಾ ಅಂಗವಿಕಲರಾದ, ಆದಾಯ ಕಡಿಮೆ ಇದ್ದು ಆಸ್ತಿ ತೆರಿಗೆ ವಿನಾಯಿತಿ ಪಡೆದ ಮನೆ ಮಾಲೀಕರಿಗೆ ಛಾವಣಿ ಅಥವಾ ಕಿಟಕಿ ಹಾಕಿಸಿಕೊಡೋದು, ಶುರುವಿನಲ್ಲಿ 3 ಕೋಟಿ ಡಾಲರ್ ಇಟ್ಟು. ನನ್ನ ಲೆಕ್ಕದಲ್ಲಿ ಇಡೀ ಪಟ್ಟಿಯಲ್ಲಿ ಇದೇ ಒಳ್ಳೆಯ ಖರ್ಚು. ಮನೆ ಸ್ವಂತದ್ದು, ಕೈಯಲ್ಲಿ ಕಾಸಿಲ್ಲ, ಬ್ಯಾಂಕ್ ಸಾಲ ಕೊಡಲ್ಲ. ಛಾವಣಿ ಸೋರಿ ಗೋಡೆ ಕೊಳೆತರೆ ಅಜ್ಜಿ ಮಗಳ ಮನೆ ಸೇರುತ್ತಾರೆ, ಮನೆ ಖಾಲಿ ಬೀಳುತ್ತದೆ, ಕೊನೆಗೆ ಅದನ್ನು ಒಡೆಯೋದಕ್ಕೆ ನಗರವೇ ದುಡ್ಡು ಹಾಕಬೇಕು. ಖಾಲಿ ಮನೆಗಳನ್ನು ಒಡೆಯೋದು, ಉಳಿಸೋದು ಅಂತ 25 ಕೋಟಿ ಡಾಲರ್ ಬಾಂಡ್‌ಗೆ 2020ರಲ್ಲಷ್ಟೇ ಜನ ವೋಟು ಹಾಕಿದ್ದರು! ಮುಂಚೆಯೇ ಛಾವಣಿ ಹಾಕಿಸೋದು ಅದಕ್ಕಿಂತ ಮೇಲಲ್ವಾ?

ನನಗೆ ಬೇಸರ ಇರೋದು ಬೇರೆ ಕಡೆ. ಅರ್ಜಿ ಹಾಕಿದವರು ಬಹಳ, ಸಿಕ್ಕಿದ್ದು ಕೆಲವರಿಗೆ. ಮತ್ತೆ ಇದು ಒಂದೇ ಸಲ ಬರೋ ದುಡ್ಡು. ಯಾವುದಕ್ಕೆ ಅಂತ 2024ರ ಡಿಸೆಂಬರ್ 31ರೊಳಗೆ ಒಪ್ಪಂದ ಆಗಿರಬೇಕಿತ್ತು, ಪೂರ್ತಿ ಖರ್ಚಿಗೆ ಗಡುವು 2026ರ ಡಿಸೆಂಬರ್ 31. ಉಳಿದರೆ ವಾಪಸ್. ಇದರ ಮೇಲೆ ನಿಂತಿರೋ ತರಬೇತಿ, ಮನೆ ರಿಪೇರಿ ಮುಂದುವರಿಯಬೇಕಾದರೆ ನಗರದ ಸ್ವಂತ ಬಜೆಟ್‌ನಲ್ಲಿ ಜಾಗ ಸಿಗಬೇಕು.

ಎಷ್ಟು, ಎಲ್ಲಿ ಹೋಯಿತು ಅಂತ ನೀವೇ ನೋಡಬಹುದು. 2.5 ಲಕ್ಷಕ್ಕಿಂತ ಜಾಸ್ತಿ ಜನರಿರೋ ನಗರಗಳು ಪ್ರತಿ ವರ್ಷ 'ರಿಕವರಿ ಪ್ಲಾನ್' ವರದಿ ಪ್ರಕಟಿಸಲೇಬೇಕು. ಅದರಲ್ಲಿ ಪ್ರತಿ ಯೋಜನೆಗೆ ಇಟ್ಟ ಮೊತ್ತ ಬೇರೆ, ನಿಜವಾಗಿ ಖರ್ಚಾದ ಮೊತ್ತ ಬೇರೆ ಇರುತ್ತದೆ. ಎರಡನೆಯದನ್ನೇ ನೋಡಿ.